ಬಾಗಿಲ ಹೊರಗಿನ ಸಾಕ್ಷಿ

"ಕೇಳ್ರಪ್ಪೋ ಕೇಳಿ! ಕುಮಾರಿ ಮುದ್ದಾಂಬೆಯವರು ಮೂರು ಒಗಟು ಕೇಳ್ತಾರೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದು ಸಿಗ್ತದೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಹೋಗ್ತದೆ!"

ಕಡಲತಡಿಯ ಹೊಂಗರೆ ಪಟ್ಟಣದಲ್ಲಿ ಡಂಗುರ ಹೀಗೆ ಸುತ್ತಿತು. ಬೇಡಿದ್ದು ಎಂದರೆ ಕುಮಾರಿಯ ಕೈ ಎಂದು ಸುತ್ತಲಿನ ಅರಸುಮಕ್ಕಳು ಮೀಸೆ ತಿರುವಿಕೊಂಡು ಹೊರಟರು. ಯೆಹೂದಿ ಕೇರಿಯ ಗಾಣಿಗ ಒಬದ್ಯನಿಗೆ ಮಾತ್ರ ಬೇರೆಯದೇ ಹೊಳೆಯಿತು. ಅವನು ಬೇಡಬೇಕಾಗಿದ್ದದ್ದು ತನ್ನ ಹೆಂಡತಿಯನ್ನೇ.

ಹೆಂಡತಿ ಸಿಪ್ಪೋರಳನ್ನು ಕಾವಲಿನವರು ಹಿಡಿದು ಸೆರೆಯಲ್ಲಿಟ್ಟಿದ್ದರು. ಕತ್ತಲಾದ ಮೇಲೆ ಓಡಾಡುವವರು ಎಲ್ಲಿಂದ ಬಂದೆವೆಂದು ಹೇಳಲೇಬೇಕು, ಅದು ರಾಜಾಜ್ಞೆ. ಕಂಕುಳಲ್ಲಿ ಗಂಟು ಹಿಡಿದು ಬರುತ್ತಿದ್ದ ಸಿಪ್ಪೋರ ತುಟಿ ಬಿಚ್ಚಲಿಲ್ಲ. ಎಲ್ಲಿಂದ ಬಂದಳೆಂದು ಒಬದ್ಯನಿಗೆ ಗೊತ್ತಿತ್ತು. ಹೇಳಿದ್ದರೆ ಆಗಲೇ ಬಿಡುತ್ತಿದ್ದರು. ಆದರೆ ಹೇಳಿದರೆ ಗಂಡ ಹೆಂಡಿರ ನಡುವಿನ ಮಾತು ಊರ ಬಾಯಿಗೆ ಬೀಳುತ್ತದೆ, ಎಣ್ಣೆಗೆ ಬಂದವರೆಲ್ಲ ಮುಖ ನೋಡಿ ಹಲ್ಲು ಕಿರಿಯುತ್ತಾರೆ. ಅವಳು ಸೆರೆ ಸೇರಿಯಾದರೂ ಉಳಿಸಿಕೊಂಡ ಮಾತನ್ನು ಇವನು ಬಿಟ್ಟುಕೊಟ್ಟಾನೆಯೆ? ಎಣ್ಣೆಕೈ ಒರೆಸಿಕೊಂಡು ಅರಮನೆಗೆ ನಡೆದ.

ಸಭೆಯಲ್ಲಿ ಕುಮಾರಿ ಮೊದಲ ಒಗಟು ಕೇಳಿದಳು. "ಎಲ್ಲರೂ ಸೇರಿ ಕಟ್ಟಬೇಕು. ಕಟ್ಟಿದ ಮೇಲೆ ಯಾರೂ ಅತ್ತ ಕಣ್ಣು ಹಾಯಿಸಬಾರದು. ಅದು ಯಾವುದು?"

"ಬೊಕ್ಕಸ!" ಎಂದ ಕೊಂಡಗಲ್ಲಿನ ಅರಸುಮಗ.

"ಬೊಕ್ಕಸದ ಮೇಲೆ ಕಣ್ಣು ಹಾಕದವರು ಈ ಸಭೆಯಲ್ಲಿ ಯಾರಿದ್ದಾರೆ?" ಎಂದಳು ಕುಮಾರಿ. ಭಟರು ಅವನನ್ನು ಎಳೆದೊಯ್ದರು. ಅವನ ಹಿಂದೆ ನಿಂತಿದ್ದ ಪಂಡಿತ "ಸ್ಮಶಾನ" ಎಂದ. ಅಲ್ಲಿ ಕಟ್ಟುವುದೇನೂ ಇಲ್ಲವಾದ್ದರಿಂದ ಅವನೂ ಅದೇ ದಾರಿ ಹಿಡಿದ.

ಒಬದ್ಯ ಮುಂದೆ ಬಂದ. ಕೈಮುಗಿದು ಹೇಳಿದ. "ಅಮ್ಮಣ್ಣಿಯವರೇ, ಅದು ನಮ್ಮ ಕೇರಿ ಹೆಂಗಸರ ಮಡಿಸ್ನಾನದ ಕೊಳ. ತಿಂಗಳ ಮೈಲಿಗೆ ಕಳೆದವರು ಗಂಡನ ಹತ್ತಿರ ಹೋಗೋ ಮುಂಚೆ ಕತ್ತಲಾದ ಮೇಲೆ ಅಲ್ಲಿ ಮುಳುಗಿ ಬರ್ತಾರೆ. ಪ್ರಾರ್ಥನೆಯ ಮನೆಗಿಂತ ಮುಂಚೆ ಅದನ್ನ ಕಟ್ಟಬೇಕು ಅಂತ ನಮ್ಮ ಧರ್ಮ. ಕೇರಿಯವರೆಲ್ಲ ಕಲ್ಲು ಹೊತ್ತಿದ್ದೀವಿ. ಆದರೆ ಯಾರು ಯಾವತ್ತು ಹೋದರು ಅಂತ ಯಾರೂ ನೋಡೋದಿಲ್ಲ. ಎದುರಿಗೆ ಸಿಕ್ಕರೂ ಸಿಗದ ಹಾಗೆ ನಡೀತೀವಿ. ತಲೆ ಪೂರ್ತಿ ಮುಳುಗಿತೋ ಅಂತ ನೋಡೋಕೆ ಒಬ್ಬಳು ಅಜ್ಜಿ ಇರ್ತಾಳೆ. ಅವಳ ಬಾಯಿಂದ ಒಂದು ಹೆಸರು ಹೊರಗೆ ಬಿದ್ದದ್ದಿಲ್ಲ."

ಕುಮಾರಿಯ ಮುಖ ಅರಳಿತು. "ಸರಿ. ಎರಡನೆಯದು. ಅದು ಮುಟ್ಟುವುದಿಲ್ಲ, ಹೊಸಿಲು ದಾಟುವುದಿಲ್ಲ, ಆದರೂ ನೆರೆಮನೆಯನ್ನು ಹಾಳುಮಾಡುತ್ತದೆ. ಯಾವುದು?"

"ಕೆಟ್ಟ ದೃಷ್ಟಿ ಅಂತ ಹೇಳೋ ಮಾರಾಯ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಒಬದ್ಯ ಅಲ್ಲವೆಂದು ತಲೆಯಾಡಿಸಿದ. "ಕೆಟ್ಟದ್ದೇ ಆಗಬೇಕಿಲ್ಲ, ಬರೀ ನೋಟ ಸಾಕು. ನೆರೆಯವರ ಅಂಗಳ ಕಾಣೋ ಹಾಗೆ ಕಿಟಕಿ ಇಟ್ಟರೆ ನಮ್ಮ ಹಿರಿಯರು ಮುಚ್ಚಿಸ್ತಾರೆ. ಗೋಡೆ ಕೆಡವಿದರೆ ಹೇಗೆ ನಷ್ಟವೋ, ಇಣುಕಿದರೂ ಹಾಗೇ ನಷ್ಟ."

"ಅದೂ ಸರಿ," ಎಂದಳು ಕುಮಾರಿ.

ಅಷ್ಟರಲ್ಲಿ ರಾಜ ಸಿಂಹಾಸನದಿಂದ ಮುಂದಕ್ಕೆ ಬಾಗಿದ. "ನಿಲ್ಲು! ಮೊನ್ನೆ ಸಿಕ್ಕಿಬಿದ್ದವಳು ನಿನ್ನ ಹೆಂಡತಿಯಲ್ಲವೆ? ಅವಳು ಆ ಕೊಳದಿಂದಲೇ ಬಂದಳೋ? ಹೌದು ಅನ್ನು, ಈಗಲೇ ಬಿಡಿಸುತ್ತೇನೆ. ಬಾಯಿ ಮುಚ್ಚಿಕೊಂಡರೆ ನಿನ್ನ ಒಗಟೂ ಮುಗಿಯಿತು, ತಲೆಯೂ ಹೋಯಿತು."

ಒಂದೇ ಒಂದು ಮಾತು ಸಾಕಿತ್ತು. ಸಭೆಯವರೆಲ್ಲ ಕುತ್ತಿಗೆ ಉದ್ದ ಮಾಡಿದರು. ಒಬದ್ಯನಿಗೆ ನಿಜಕ್ಕೂ ಸಾಯಲು ಇಷ್ಟವಿರಲಿಲ್ಲ.

"ಮಹಾಪ್ರಭು, ಆ ಕೊಳಕ್ಕೆ ಮದುವಣಗಿತ್ತಿ ಹೋಗ್ತಾಳೆ, ಸಂಸಾರಸ್ಥೆ ಹೋಗ್ತಾಳೆ, ಹೊಸ ಪಾತ್ರೆ ಕೊಂಡವರು ಅದ್ದಿ ತರೋಕೂ ಹೋಗ್ತಾರೆ. ಯಾರು, ಯಾವತ್ತು, ಯಾತಕ್ಕೆ ಅಂತ ನಮ್ಮ ಗುರುಗಳೂ ಕೇಳೋದಿಲ್ಲ. ನಾನು ಹೇಳಲಾರೆ. ತಲೆ ನಿಮ್ಮದು, ತಗೊಳ್ಳಿ."

ರಾಜ ಭಟರಿಗೆ ಕೈಸನ್ನೆ ಮಾಡುವಷ್ಟರಲ್ಲಿ ಕುಮಾರಿ ಎದ್ದು ನಿಂತಳು. "ಅಪ್ಪಾಜಿ, ಒಗಟು ನನ್ನದು, ತೀರ್ಪೂ ನನ್ನದೇ. ಇನ್ನೊಂದು ಉಳಿದಿದೆ. ಗಾಣಿಗ, ಹೇಳು. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ಕಾಣದೆ ಇರುವುದೇ ಕೆಲಸವಾದ ಸಾಕ್ಷಿ ಯಾರು?"

ಒಬದ್ಯನಿಗೆ ಆ ಭಯದಲ್ಲೂ ನಗು ಬಂದುಬಿಟ್ಟಿತು. ಹೋದ ವರ್ಷದ ತನ್ನ ಮದುವೆಯೇ ಕಣ್ಣ ಮುಂದೆ ಬಂದಿತ್ತು.

"ನಮ್ಮ ಮದುವೆಯಲ್ಲಿ ಚಪ್ಪರದ ಕೆಳಗೆ ಊರೇ ಸೇರ್ತದೆ, ತಾಯಿ. ಆಮೇಲೆ ಗಂಡು ಹೆಣ್ಣನ್ನ ಒಂದು ಕೋಣೆಗೆ ಕಳಿಸಿ ಬಾಗಿಲು ಹಾಕ್ತಾರೆ. ಹೊರಗೆ ಇಬ್ಬರು ಸಾಕ್ಷಿ ನಿಲ್ತಾರೆ. ಬಾಗಿಲು ಮುಚ್ಚಿತ್ತು, ಬೇರೆ ಯಾರೂ ಒಳಗೆ ಹೋಗಲಿಲ್ಲ, ಅಷ್ಟೇ ಅವರ ಸಾಕ್ಷಿ. ಒಳಗೆ ಅಳ್ತಿದ್ದರೋ, ನಗ್ತಿದ್ದರೋ, ಹಸಿದು ಲಾಡು ತಿಂತಿದ್ದರೋ, ಅದು ಅವರಿಗೆ ಬೇಡ. ಊರು ಬಾಗಿಲ ತನಕ ಬರಬೇಕು, ಬಾಗಿಲಲ್ಲೇ ನಿಲ್ಲಬೇಕು."

"ಈಗ ನೀನು ನಿಂತ ಹಾಗೆ," ಎಂದಳು ಕುಮಾರಿ. ಅವಳ ಕಣ್ಣು ತುಂಬಿ ಬಂದಿತ್ತು. "ಅಪ್ಪಾಜಿ, ನಾನು ಮೈನೆರೆದ ದಿನ ನೀವು ಡಂಗುರ ಹೊಡೆಸಿದಿರಿ. ಅಂದಿನಿಂದ ತಿಂಗಳು ತಿಂಗಳೂ ದಾಸಿಯರು ನನ್ನ ಸುದ್ದಿಯನ್ನು ಜೋಯಿಸರಿಗೆ ಒಪ್ಪಿಸುತ್ತಾರೆ. ನಾಳೆ ಮದುವೆಯಾದರೆ ಮಾರನೆಯ ಬೆಳಿಗ್ಗೆ ಹಾಸಿಗೆಯ ವಿಚಾರ ಈ ಸಭೆಯಲ್ಲೇ ಆಗುತ್ತದೆ. ನನ್ನ ಕೋಣೆಗೆ ಒಳಗಿನಿಂದ ಹಾಕಲು ಒಂದು ಚಿಲಕವೂ ಇಲ್ಲ. ಮುಚ್ಚಿದ ಬಾಗಿಲೆಂದರೇನೆಂದು ತಿಳಿದವರು ಈ ರಾಜ್ಯದಲ್ಲಿ ಒಬ್ಬರಾದರೂ ಇದ್ದಾರೆಯೆ ಎಂದು ಹುಡುಕಿದೆ."

ಜೋಯಿಸರು ಪಂಚಾಂಗದಲ್ಲಿ ಮುಖ ಹುದುಗಿಸಿದರು. ರಾಜ ಬಹಳ ಹೊತ್ತು ಮಗಳನ್ನು ನೋಡಿದ, ಆಮೇಲೆ ತಾನೇ ಕಣ್ಣು ತಗ್ಗಿಸಿದ.

"ನಿನಗೇನು ಬೇಕೋ?" ಎಂದ ಒಬದ್ಯನಿಗೆ, ಮೆತ್ತಗೆ.

"ನನ್ನ ಹೆಂಡತಿ, ಮಹಾಪ್ರಭು. ಒಂದು ಪ್ರಶ್ನೆಯನ್ನೂ ಕೇಳದ ಹಾಗೆ. ಆ ಅರಸುಮಗನದೂ ಪಂಡಿತರದೂ ತಲೆ ಉಳಿಸಿ, ಪಾಪ."

ಅಷ್ಟೂ ಆಯಿತು. ಎಲ್ಲಿಂದ ಬಂದೆವೆಂದು ಹೇಳುವ ಆಜ್ಞೆಯನ್ನು ರಾಜ ಅಂದೇ ತೆಗೆದುಹಾಕಿದ. ಒಬದ್ಯನ ಮನೆಗೆ ಹೊಸ ಗಾಣವೂ ಜೋಡೆತ್ತೂ ಬಂದವು. ಸಂಜೆಯೊಳಗೆ ಬಡಗಿ ಬಂದು ಕುಮಾರಿಯ ಬಾಗಿಲಿಗೆ ಚಿಲಕ ಬಡಿದ. ಕುಮಾರಿ ಅದನ್ನು ಹಾಕಿ, ತೆಗೆದು, ಮತ್ತೆ ಹಾಕಿ, ಒಳಗೆ ಒಬ್ಬಳೇ ನಿಂತು ನಕ್ಕಳಂತೆ.

ಸಿಪ್ಪೋರ ಗಂಡನ ಜೊತೆ ಕೇರಿಗೆ ಬಂದಾಗ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಆದರೂ ಒಬ್ಬರೂ ಒಂದು ಮಾತು ಕೇಳಲಿಲ್ಲ. ಪಕ್ಕದ ಮನೆಯ ಹನ್ನಾಳಮ್ಮ ಮಾತ್ರ ಕುಡಿಕೆ ಹಿಡಿದು ಬಂದು, "ಸದ್ಯ ಬಂದೆಯಲ್ಲ ತಾಯಿ, ಮನೇಲಿ ಎಣ್ಣೆ ಮುಗಿದು ಒಗ್ಗರಣೆಗೂ ಗತಿಯಿಲ್ಲ," ಎಂದಳು. ಸಿಪ್ಪೋರ ಆಗ ಅತ್ತಳು, ಹಗುರಾಗಿ, ಮನಸಾರೆ.

ಅವಳ ಗಂಟಿನಲ್ಲಿ ಇದ್ದದ್ದು ಸೀರೆಯೋ ಹೊಸ ಪಾತ್ರೆಯೋ ಎಂದು ನನ್ನನ್ನು ಕೇಳಬೇಡಿ. ಕತೆ ಹೇಳುವವನೂ ಬಾಗಿಲ ಹೊರಗೇ ನಿಂತವನು.