ಬೆನ್ನ ಹಿಂದಿನ ಸದ್ದು

ಗಾಳಿಗೆ ಎಂದೂ ಬರವಿಲ್ಲದ ವಿಜಯಪುರದಲ್ಲಿ ದಸ್ತಗೀರ ಮಾಸ್ತರು ಮಕ್ಕಳಿಗೆ ಸೈಕಲ್ ಪಂದ್ಯ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಅನ್ನುವುದೂ ಹೆಚ್ಚೇ. ಅವರು ಆಡುವ ಮಾತು ಕಡಿಮೆ, ಶಿಷ್ಯರು ತಲೆ ಕೆರೆದುಕೊಳ್ಳುವುದು ಜಾಸ್ತಿ.

ಒಂದು ಸಂಜೆ ಅವರ ಶಿಷ್ಯೆ ದಾನಮ್ಮ ಬಂದು ಎದುರು ನಿಂತಳು.

“ಸರ, ತೇಜಸ್ವಿನಿ ಹಂತ್ಯಾಕ ಐತಲ್ರಿ, ಅಂಥಾ ಗಾಲಿ ನನಗೂ ಬೇಕ್ರಿ. ಎಮ್ಮಿ ಮಾರಿ ಕೊಡಸ್ತೀನಿ ಅಂದಾನ್ರಿ ನಮ್ಮಪ್ಪ.”

ತೇಜಸ್ವಿನಿ ಮೈಸೂರಿನ ಹುಡುಗಿ. ಅವಳ ಸೈಕಲ್ಲಿನ ಹಿಂದಿನ ಗಾಲಿಗೆ ಕಡ್ಡಿಗಳು ಕಾಣುವುದಿಲ್ಲ, ತಟ್ಟೆಯ ಹಾಗೆ ಪೂರ್ತಿ ಮುಚ್ಚಿದ್ದು. ಓಡುವಾಗ ಭರ್ರ್ ಎನ್ನುತ್ತದೆ.

ಗಡಿಯಾರದ ಮೇಲೆ ಓಡುವ ಪಂದ್ಯ ಅವರದು. ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ, ಒಂಟಿಯಾಗಿಯೇ ಓಡಬೇಕು; ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಮುಂದು. ಹೋದ ವರ್ಷದ ಆಯ್ಕೆಯಲ್ಲಿ ದಾನಮ್ಮನ ಹಿಂದೆಯೇ ತೇಜಸ್ವಿನಿಯನ್ನು ಬಿಟ್ಟಿದ್ದರು. ರಾಜ್ಯದ ತಂಡಕ್ಕೆ ಬೇಕಿದ್ದವರು ಇಬ್ಬರು. ದಾನಮ್ಮ ಮೂರನೆಯವಳಾದಳು.

ಸಿಟ್ಟಿಗೆ ಅವಳು ಬೆನ್ನ ಮೇಲಿನ ನಂಬರಿನ ಹಾಳೆ ಕಿತ್ತು ಎಸೆದಿದ್ದಳು. ಮಾಸ್ತರು ಅದನ್ನೆತ್ತಿ, ಧೂಳು ಕೊಡವಿ, ಮಡಚಿ ಜೇಬಿಗಿಟ್ಟುಕೊಂಡಿದ್ದರು. ಯಾಕೆಂದು ಕೇಳುವ ಮನಸ್ಸು ಆಗ ಅವಳಿಗಿರಲಿಲ್ಲ.

ಈ ವರ್ಷದ್ದೇ ಕಡೆಯ ಅವಕಾಶ. ತಪ್ಪಿದರೆ ವಯಸ್ಸು ಮೀರುತ್ತದೆ, ಕ್ರೀಡಾ ಹಾಸ್ಟೆಲ್ ಬಿಟ್ಟು ಸೈಕಲ್ಲನ್ನು ಗೋಡೆಗೆ ಆನಿಸಿ ಮನೆಯಲ್ಲಿ ಕೂರಬೇಕು.

“ಗಾಲಿ ಯಾಕ?” ಎಂದರು ಮಾಸ್ತರು.

“ಆ ಸದ್ದು ಕೇಳಿದ್ರ ಕಾಲಾಗಿನ ಜೀವಾನ ಹೋಗ್ತೈತ್ರಿ ಸರ. ಹೋದ ವರ್ಷ ನಾ ಜೋರ್ ತುಳದಂಗ ಅದೂ ಜೋರ್ ಆಗ್ತಿತ್ತು. ಬೆನ್ನ ಮ್ಯಾಲೇ ಬಂದು ಕುಂತಂಗ.”

“ಹೊಳ್ಳಿ ನೋಡಿದ್ಯಾ?”

“ಎಷ್ಟ್ ಸಲಾ ನೋಡಿದ್ನೋ. ಧೂಳಿನಾಗ ಏನೂ ಕಾಣಲಿಲ್ರಿ.”

“ನೋಡಿದಾಗ ಸದ್ದು ಏನಾತು?”

“ಕಡಿಮಿ ಆಗ್ತಿತ್ರಿ. ಮತ್ತ ತುಳಿಯೂದ್ರಾಗ ಮತ್ತ ಬರ್ತಿತ್ತು.”

ಮಾಸ್ತರು ಗಡ್ಡ ನೀವಿಕೊಂಡರು.

“ಕುಣೀಲಾಕ ಬರಲಾರದಾಕಿ ನೆಲಾ ಡೊಂಕು ಅಂದ್ಲಂತ. ಎಮ್ಮಿ ಅಲ್ಲೇ ಇರ್ಲಿ. ನಾಳೆ ಬರುವಾಗ ಒಂದು ಖಡಕ್ ರೊಟ್ಟಿ ತಗೊಂಡ್ ಬಾ.”

ಮರುದಿನ ಅವಳ ಸೈಕಲ್ಲನ್ನು ಅಲುಗದಂತೆ ಸ್ಟ್ಯಾಂಡಿಗೆ ಬಿಗಿದರು. ಅವಳ ತಲೆ ತಗ್ಗಿಸಿ, ಮೊಳಕೈ ಒಳಗೆ ಸೇರಿಸಿ, ಬೆನ್ನನ್ನು ಹಲಗೆಯಂತೆ ಮಟ್ಟ ಮಾಡಿಸಿದರು. ಆ ಬೆನ್ನ ಮೇಲೆ ರೊಟ್ಟಿ ಇಟ್ಟರು.

“ಗಾಳಿಗೆ ಸಣ್ಣಾಕಿ ಆಗಿ ಕಾಣು. ಅದಕ್ಕ ರೊಕ್ಕ ಹತ್ತೂದಿಲ್ಲ. ತುಳಿ.”

ಅವಳು ತುಳಿದಳು. ಹಿಂದಿನಿಂದ ಮಾಸ್ತರು ತಾಟು ಬಾರಿಸಿದರು. ಬೆಚ್ಚಿ ತಿರುಗಿದಳು. ರೊಟ್ಟಿ ನೆಲಕ್ಕೆ ಬಿದ್ದು ಚೂರಾಯಿತು.

“ಬಿದ್ದದ್ದು ನಿನ್ನ ಪಾಲು,” ಎಂದರು ಮಾಸ್ತರು.

ಆ ತಿಂಗಳು ದಾನಮ್ಮ ತಿಂದದ್ದೆಲ್ಲ ಚೂರು ರೊಟ್ಟಿಯೇ. ಹಾಸ್ಟೆಲಿನ ಹುಡುಗಿಯರು ನಕ್ಕರು. ಗಾಲಿ ಕೇಳಿದವಳಿಗೆ ರೊಟ್ಟಿ ಕೊಟ್ಟರಲ್ಲ ಎಂದು ಅವಳಿಗೆ ಅಳುವೇ ಬಂತು. ಆದರೂ ತುಳಿದಳು. ಕೊನೆಗೊಂದು ದಿನ ಮಾಸ್ತರು ತಾಟು ಬಾರಿಸಿ ಬಾರಿಸಿ ಕೈಸೋತರು, ರೊಟ್ಟಿ ಬೀಳಲಿಲ್ಲ.

ಈ ನಡುವೆ ಅವರು ಅವಳ ದೊಗಳೆ ಅಂಗಿಯನ್ನು ದರ್ಜಿಯಿಂದ ಬಿಗಿ ಮಾಡಿಸಿದರು. ಚೈನನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆಸಿದರು. ಗಾಲಿಯ ಸುದ್ದಿ ಮಾತ್ರ ಎತ್ತಲಿಲ್ಲ.

ಪಂದ್ಯದ ಹಿಂದಿನ ದಿನ ನಂಬರು ಹಂಚಿದರು. ಮಾಸ್ತರು ಅವಳ ಅಂಗಿ ಇಸಿದುಕೊಂಡು ಸೂಜಿಗೆ ದಾರ ಪೋಣಿಸಿದರು.

“ನಾಕು ಪಿನ್ನು ಸಾಕಲ್ರಿ ಸರ.”

“ಹೋದ ವರ್ಷನೂ ನಾಕು ಪಿನ್ನು ಇದ್ವು.”

ಕೌದಿ ಹೊಲಿಯುವವರ ಹಾಗೆ ನಾಲ್ಕೂ ಅಂಚಿಗೆ ಒತ್ತೊತ್ತಾಗಿ ಹೊಲಿಗೆ ಹಾಕಿದರು. ಎಲ್ಲೂ ಎದ್ದಿಲ್ಲವೆಂದು ಅಂಗೈ ಆಡಿಸಿ ನೋಡಿ, ದಾರ ಕಡಿದರು.

ಮರುದಿನ ನೋಡಿದರೆ, ಅವಳ ಹಿಂದೆ ಮತ್ತೆ ತೇಜಸ್ವಿನಿಯೇ. ದಾನಮ್ಮ ಮಾಸ್ತರ ಕಡೆ ನೋಡಿದಳು. ಅವರು ಆಕಾಶ ನೋಡುತ್ತಿದ್ದರು.

ಹೊರಟಳು. ಬೆನ್ನು ಮಟ್ಟ ಮಾಡಿದಳು. ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ಬಾರದ ಸದ್ದಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಒಮ್ಮೆ ಕತ್ತು ಇನ್ನೇನು ತಿರುಗಿಯೇಬಿಡುತ್ತಿತ್ತು. ಬೆನ್ನ ಮೇಲೆ ರೊಟ್ಟಿ ಇದೆ ಎಂದುಕೊಂಡು ತುಳಿದಳು.

ಮುಗಿದ ಮೇಲೆ ಬೇವಿನ ಮರದ ನೆರಳಲ್ಲಿ ಕುಸಿದು ಕೂತಳು. ಹೆಸರು ಕೂಗಿದರು. ಮೊದಲನೆಯದು ತೇಜಸ್ವಿನಿಯದು. ಎರಡನೆಯದು ದಾನಮ್ಮನದು.

ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಖುಷಿಗೇ ಅತ್ತದ್ದು. ಮಾಸ್ತರು ನೀರಿನ ತಂಬಿಗೆ ಅವಳ ಮುಂದೆ ಹಿಡಿದರು.

ನೀರು ಕುಡಿದು ಅವಳು ಕೇಳಿದಳು: “ಸರ, ತೇಜಸ್ವಿನಿ ಹೋದ ವರ್ಷಕ್ಕಿಂತ ಜೋರ್ ಬಂದಾಳ. ಗಾಲೀನೂ ಅದೇ. ಮತ್ತ ಆಕಿ ಸದ್ದು ಯಾಕ ಕೇಳಲಿಲ್ರಿ?”

ಮಾಸ್ತರು ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದರು. ಹೋದ ವರ್ಷದ ಅವಳದೇ ನಂಬರು. ಎರಡು ತುದಿ ಹಿಡಿದು ಗಾಳಿಗೆ ಒಡ್ಡಿದರು.

ಹಾಳೆ ಪಟಪಟ ಎಂದಿತು. ಗಾಳಿ ಜೋರಾಯಿತು. ಹಾಳೆ ಭರ್ರ್ ಎಂದಿತು.

ದಾನಮ್ಮನ ಕೈ ತಾನಾಗಿ ಬೆನ್ನಿಗೆ ಹೋಯಿತು.

ಮಾಸ್ತರು ಹಾಳೆಯನ್ನು ಅವಳ ಮಡಿಲಿಗೆ ಹಾಕಿದರು.

“ಆಕಿ ಆಗೂ ದೂರೇ ಇದ್ಲು. ಎಂಥಾ ಗಾಲಿ ಹಾಕಿದ್ರೂ ಇದನ್ನ ಹಿಂದ ಹಾಕಾಕ ಆಗ್ತಿರಲಿಲ್ಲವ್ವ.”