ಕಡ್ಡಿಗೆ ಪೋಣಿಸಿದ ಕೋಳಿ

ನದಿ ಕಡಲಿಗೆ ಸೇರುವಲ್ಲಿ ಮೊಯ್ದಿನಬ್ಬ ಎಂಬ ಮುದುಕರ ಮನೆ. ಒಂದು ಕಾಲಕ್ಕೆ ಹಡಗಿನಲ್ಲಿ ಅಡುಗೆಯವರಾಗಿದ್ದವರು. ಕಲಿಯಲು ಬಂದವರಿಗೆಲ್ಲ ಅವರು ಉಸ್ತಾದ್.

ಡುಲ್ಸಿನ್ ಬಂದದ್ದು ಒಂದೇ ಒಂದು ಅಡುಗೆಗಾಗಿ.

ಅವಳ ಗಂಡ ವಲೇರಿಯನ್ ಅದೇ ಹಡಗಿನಲ್ಲಿ ದುಡಿದವನು. ರಜೆಗೆ ಬಂದಾಗಲೆಲ್ಲ ಗ್ರೀಕರ ಹಾಗೆ ಕೋಳಿ ತುಂಡುಗಳನ್ನು ಕಡ್ಡಿಗೆ ಪೋಣಿಸಿ ಮನೆಯಂಗಳದಲ್ಲಿ ಸುಡುತ್ತಿದ್ದ. ಹೋದ ವರ್ಷ ಜ್ವರ ಬಂದು ತೀರಿಕೊಂಡ.

"ನನಗೆ ಅವರ ಕೈರುಚಿ ಬೇಕು, ಉಸ್ತಾದ್," ಎಂದಿದ್ದಳು.

ಉಸ್ತಾದ್ ಕಲಿಸಿದರು. ಕೋಳಿಯನ್ನು ಮೊಸರು, ಲಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಆಲಿವ್ ಎಣ್ಣೆಯಲ್ಲಿ ನೆನೆಸುವುದು. ಒಣಗಿದ ಒರೆಗಾನೊ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಉದುರಿಸುವುದು. ಉರಿ ಅಡಗಿ, ಕೆಂಡದ ಮೇಲೆ ಬೂದಿ ಕವಿಯುವವರೆಗೆ ಕಾಯುವುದು.

ಅವಳು ಸುಟ್ಟಳು. ಒಂದು ತುಂಡು ಬಾಯಿಗಿಟ್ಟು, "ಇದಲ್ಲ," ಎಂದಳು. ಉಳಿದದ್ದು ನೆರೆಮನೆಗೆ ಹೋಯಿತು.

ಮತ್ತೊಮ್ಮೆ ಬೆಳ್ಳುಳ್ಳಿ ಹೆಚ್ಚಿಸಿದಳು. ಇನ್ನೊಮ್ಮೆ ಮೊಸರು ಕಡಿಮೆ ಮಾಡಿದಳು. ಅದೂ ಅಲ್ಲ, ಇದೂ ಅಲ್ಲ.

"ನೀವು ಏನನ್ನೋ ಮುಚ್ಚಿಡ್ತಾ ಇದ್ದೀರಿ," ಎಂದಳು ಕೊನೆಗೆ.

ಉಸ್ತಾದ್ ಅವಳ ಕೈಯಿಂದ ಇಕ್ಕಳ ತೆಗೆದುಕೊಂಡರು. "ಅವನು ಸುಡುವಾಗ ನೀನು ಎಲ್ಲಿರ್ತಿದ್ದೆ?"

"ಮೆಟ್ಟಿಲ ಮೇಲೆ. ಹೊಗೆ ನನ್ನ ಕಡೆ ತಿರುಗಿದರೆ ಅವರು ಬಂದು ಅಡ್ಡ ನಿಲ್ತಿದ್ದರು."

"ಇಲ್ಲೂ ಹೋಗಿ ಮೆಟ್ಟಿಲ ಮೇಲೇ ಕೂತುಕೋ."

ಕೂತಳು. ಮುದುಕರು ಕಡ್ಡಿಗಳನ್ನು ನಿಧಾನವಾಗಿ ಹೊರಳಿಸುತ್ತಿದ್ದರು. ನದಿಯ ಗಾಳಿ ದಿಕ್ಕು ಬದಲಿಸಿತು. ಹೊಗೆ ನೇರ ಅವಳ ಮುಖಕ್ಕೆ ಬಂತು. ಅಡ್ಡ ನಿಲ್ಲಲು ಯಾರೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಅವಳು ಒರೆಸಿಕೊಳ್ಳಲಿಲ್ಲ.

ಉಸ್ತಾದ್ ತಾವೇ ತಟ್ಟೆ ತಂದು ಅವಳ ಮಡಿಲಲ್ಲಿಟ್ಟರು.

ಒಂದು ತುಂಡು ತಿಂದಳು. ಹದವಾಗಿ ಬೆಂದಿತ್ತು, ಹುಳಿ ಉಪ್ಪು ಸರಿಯಾಗಿತ್ತು, ಅಂಚು ಗರಿಗರಿಯಾಗಿತ್ತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಇದೂ ಅಲ್ಲ ಉಸ್ತಾದ್."

"ಅಲ್ಲ," ಎಂದು ಅವರು ಒಪ್ಪಿಕೊಂಡರು. "ಹಡಗಿನಲ್ಲಿ ನಾನು ಸುಟ್ಟುಕೊಟ್ಟಾಗ ವಲೇರಿಯನ್ ಕೂಡ ಹೀಗೇ ಹೇಳ್ತಿದ್ದ. ಮನೆಯಲ್ಲಿ ತಿಂದ ಹಾಗೆ ಇಲ್ಲ ಅಂತ."

ಇದು ಅವಳಿಗೆ ಗೊತ್ತಿರಲಿಲ್ಲ. ಸರಿಸಿಟ್ಟ ತಟ್ಟೆಯ ಕಡೆ ನೋಡಿದಳು.

"ಹಾಗೆ ಹೇಳಿ, ಆಮೇಲೆ ಏನು ಮಾಡ್ತಿದ್ದರು?"

"ಕಡ್ಡಿಯಲ್ಲಿ ಒಂದು ತುಂಡನ್ನೂ ಬಿಡ್ತಿರಲಿಲ್ಲ, ಮಗಳೇ."