ಚಿದ್ಘನ ಶಿವಯೋಗಿಗಳು ಕುರುಡ ಬಳೆಗಾರನಿಗೆ ಜೋಳಿಗೆ ಹೊರಿಸಿದ್ದು

ಸೋಮನಾಳದ ನೇಕಾರ ಓಣಿ ದಾಟಿದರೆ ಗುಡ್ಡದ ಬುಡದಲ್ಲಿ ಎರಡಂಕಣದ ಒಂದು ಮಣ್ಣಿನ ಮಠವಿತ್ತು. ಪೂಜ್ಯ ಶ್ರೀ ಚಿದ್ಘನ ಶಿವಯೋಗಿಗಳು ಅಲ್ಲಿ ವಾಸವಾಗಿದ್ದರು. ಮಠವೆಂದೊಡನೆ ಪಲ್ಲಕ್ಕಿ, ಬೆಳ್ಳಿ ಪಾದುಕೆ ನೆನೆಯುವವರು ಸ್ವಲ್ಪ ತಡೆಯಬೇಕು. ಅಲ್ಲಿದ್ದದ್ದು ಒಂದು ಕಂಬಳಿ, ಒಂದು ಕಾವಿ ಜೋಳಿಗೆ, ಹಿತ್ತಿಲಲ್ಲಿ ಒಂದು ಕತ್ತಲೆಯ ಗವಿ, ಅಷ್ಟೇ. ಒಲೆ ಕೂಡ ಇರಲಿಲ್ಲ. ದಿನಾ ಬೆಳಗ್ಗೆ ಮಠದವರೊಬ್ಬರು ಜೋಳಿಗೆ ಹೊತ್ತು ಓಣಿಗೆ ಭಿಕ್ಷೆಗೆ ಹೋಗುತ್ತಿದ್ದರು. ಬಂದ ರೊಟ್ಟಿ, ನುಚ್ಚು, ಪಲ್ಯ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಎಲ್ಲರೂ ಉಣ್ಣುತ್ತಿದ್ದರು. ಗುರುಗಳಿಗೂ ಅದೇ ಪ್ರಸಾದ. ಜೋಳಿಗೆ ಬರದ ದಿನ ಎಲ್ಲರಿಗೂ ಉಪವಾಸ.

ಆ ಮಠಕ್ಕೆ ಒಂದು ಮಧ್ಯಾಹ್ನ ಬಳೆಗಾರ ಈರಸಂಗಪ್ಪ ಬಂದ. ಬಂದ ಅನ್ನುವುದಕ್ಕಿಂತ ಅವನನ್ನು ತಂದರು ಅನ್ನಬೇಕು. ಹೆಂಡತಿ ನಿಂಬೆವ್ವ ಟವೆಲಿನ ಒಂದು ತುದಿ ಹಿಡಿದು ಮುಂದೆ, ಇನ್ನೊಂದು ತುದಿ ಹಿಡಿದು ಅವನು ಹಿಂದೆ. ಸಿಡುಬು ಅವನ ಎರಡೂ ಕಣ್ಣು ತಿಂದುಹಾಕಿತ್ತು. ಸುತ್ತಲಿನ ಹಳ್ಳಿಗಳನ್ನೆಲ್ಲ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಸುತ್ತಿದ ಗಂಡಸು ಅವನು; ಯಾವ ಊರಿನ ಯಾವ ಸೊಸೆಗೆ ಯಾವ ಅಳತೆ ಎಂಬುದು ಅವನ ನಾಲಿಗೆಯ ತುದಿಯಲ್ಲಿತ್ತು. ಈಗ ಹಿತ್ತಿಲಿಗೆ ಹೋಗಬೇಕಾದರೂ ಹೆಂಡತಿಯನ್ನು ಕರೆಯಬೇಕು. ಸಿಟ್ಟು ಮೂಗಿನ ತುದಿಗೇ ಕೂತಿತ್ತು. ಕಂಡ ಕಂಡ ದೇವರಿಗೆ ಹರಕೆ ಹೊತ್ತು ಸಾಕಾಗಿ, ಕಡೆಯದಾಗಿ ಇಲ್ಲಿಗೆ ಬಂದಿದ್ದ.

"ಕಣ್ಣ ಕೊಡ್ರಿ ಅಜ್ಜಾರ. ಕೊಡೂದಿಲ್ಲಂದ್ರ ನಿಮ್ಮ ಕಟ್ಟಿ ಮ್ಯಾಲೆ ಕುಂತ ಸಾಯ್ತೀನಿ" ಎಂದ. ನಮಸ್ಕಾರವನ್ನೂ ಮಾಡಲಿಲ್ಲ.

ಶಿವಯೋಗಿಗಳು ಬೇಸರಿಸಲಿಲ್ಲ. "ಕಣ್ಣ ಕೊಡೋದು ನನ್ನ ಕೈಯಾಗಿಲ್ಲಪಾ. ನಡಿಯೋದು ಕಲಸ್ತೀನಿ, ಇರ್ತಿ ಏನು?" ಎಂದು ಕೇಳಿದರು.

"ನಡಿಯೋದು ಕೂಸಿಗೆ ಕಲಸ್ರಿ" ಎಂದು ಈರಸಂಗಪ್ಪ ಮುಖ ತಿರುಗಿಸಿದ. ಆಗ ನಿಂಬೆವ್ವ ಬಾಯಿಬಿಟ್ಟಳು. ಹಿಂದಿನ ವಾರ ಅವನು ಎಡವಿದಾಗ ಅವಳೂ ಬಿದ್ದು, ಹೊತ್ತಿದ್ದ ಬಳೆಯೆಲ್ಲ ಚೂರಾಗಿತ್ತು. "ಇವರ ಕೈ ಹಿಡೀಲ್ಯೋ, ಮಲಾರ ಹಿಡೀಲ್ಯೋ, ನೀವ ಹೇಳ್ರಿ ಅಜ್ಜಾರ. ಎರಡೂ ನನ್ನಿಂದ ಆಗೂದಿಲ್ಲ" ಎಂದು ಅತ್ತಳು. ಗಂಡನ ಎದುರು ಅವಳು ಹಾಗೆ ಅತ್ತದ್ದು ಅದೇ ಮೊದಲು. ಈರಸಂಗಪ್ಪ ಟವೆಲಿನ ತುದಿ ಬಿಟ್ಟು ಕಟ್ಟೆಯ ಮೇಲೆ ಕುಳಿತ. ನಿಂಬೆವ್ವ ಅವನನ್ನು ಮಠದಲ್ಲಿ ಬಿಟ್ಟು, ಹೊಸ ಬಳೆಯ ಮಲಾರ ಹೊತ್ತು ಹಳ್ಳಿಗಳ ಕಡೆ ಹೋದಳು.

ಮರುದಿನ ಗುರುಗಳು ಅವನನ್ನು ಗವಿಯೊಳಗೆ ಕರೆದೊಯ್ದರು. ವರ್ಷಗಟ್ಟಲೆ ಅವರು ದೀಪವಿಲ್ಲದೆ ಅನುಷ್ಠಾನಕ್ಕೆ ಕುಳಿತ ಜಾಗ ಅದು. "ಇಲ್ಲಿ ನಾನೂ ನಿನ್ನಂಗ ಕುರುಡ" ಎಂದು, ಎತ್ತು ಹೊಡೆಯುವವರು ಮಾಡುವಂತೆ ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಟಕ್ ಎಂದು ಸದ್ದು ಮಾಡಿದರು. ಕತ್ತಲೆಯಲ್ಲಿ ಸರಸರನೆ ನಡೆದು, ಗೋಡೆಗೆ ಇನ್ನೇನು ಮುಟ್ಟಬೇಕು ಎನ್ನುವಲ್ಲಿ ನಿಂತು, ತಿರುಗಿ ಬಂದರು. "ಸದ್ದು ಕಳಸು. ಅದು ಹೋಗಿ ಮುಟ್ಟಿ ತಿರುಗಿ ಬರ್ತದ. ಬಂದಿದ್ದನ್ನ ಕೇಳು."

ಕೇಳುವುದು ಅಷ್ಟು ಸುಲಭವೇ? ಈರಸಂಗಪ್ಪ ಟಕ್ ಎಂದ, ನಡೆದ, ಹಣೆ ಚಚ್ಚಿಕೊಂಡ. ಮತ್ತೆ ಟಕ್, ಮತ್ತೆ ಗೋಡೆ. ರಕ್ತ ಬಂದಲ್ಲಿ ಶಿವಯೋಗಿಗಳು ವಿಭೂತಿ ಒತ್ತಿ "ಇನ್ನೊಮ್ಮೆ" ಎನ್ನುತ್ತಿದ್ದರು. ಒಂದು ದಿನ ಅವನು ರೇಗಿ, "ನಿಮಗ ಹೊರಗ ಹೋದ್ರ ಬೆಳಕೈತಿ, ನನಗೇನೈತಿ?" ಎಂದು ಕೂಗಿದ. ಕೂಗಿದ ಮಾತು ಎಡಗಡೆಯಿಂದ ಬೇಗ, ಗಡುಸಾಗಿ ತಿರುಗಿ ಬಂತು. ಬಲಗಡೆಯಿಂದ ಬರಲೇ ಇಲ್ಲ. ಅವನು ಬಲಕ್ಕೆ ಕೈ ಚಾಚಿದ. ಅಲ್ಲಿ ಗೋಡೆಯಿರಲಿಲ್ಲ, ಗವಿಯ ಬಾಯಿತ್ತು. ಬಯ್ಯಬೇಕೆಂದಿದ್ದ ಉಳಿದ ಮಾತೆಲ್ಲ ಅವನಿಗೆ ಮರೆತೇಹೋಯಿತು. ಆ ದಿನದಿಂದ ಹಿಡಿದ ಹಟ ಬಿಡಲಿಲ್ಲ. ಗೋಡೆ ಬೇರೆ, ಕಂಬ ಬೇರೆ, ಬಾಗಿಲು ಬೇರೆ ಎಂದು ಕಿವಿಗೆ ತಿಳಿಯುವತನಕ ಉಣ್ಣುವಾಗಲೂ ಟಕ್ ಟಕ್ ಎನ್ನುತ್ತಿದ್ದ.

ಒಂದು ಬೆಳಗ್ಗೆ ಗುರುಗಳು ಜೋಳಿಗೆ ತೆಗೆದು ಅವನ ಹೆಗಲಿಗೆ ಹಾಕಿದರು. ಅದುವರೆಗೆ ಭಿಕ್ಷೆಗೆ ಹೋಗುತ್ತಿದ್ದವರು ಮಠದ ಹಿರಿಯರಾದ ಮರಿಕಲ್ಲಯ್ಯನವರು. ಅವರಿಗೆ ಇದು ಸರಿಬರಲಿಲ್ಲ. "ಜಂಗಮನ ಜೋಳಿಗಿ ಬಳಿಗಾರನ ಹೆಗಲಿಗೇನ್ರಿ ಬುದ್ಧಿ? ಅದೂ ಕಣ್ಣಿಲ್ಲದಾಂವ" ಎಂದರು.

"ಇಂವ ತನ್ನ ಕಾಲ ಮ್ಯಾಲೆ ಹೋಗಿ ತಂದ್ರ ಉಣ್ತೀನಿ, ಇಲ್ಲಂದ್ರ ಇಲ್ಲ" ಎಂದಷ್ಟೇ ಗುರುಗಳು ಹೇಳಿದರು. ಈರಸಂಗಪ್ಪನಿಗೆ ಚಿಂತೆ ಹತ್ತಿತು. ತನ್ನ ಹೊಟ್ಟೆಯಾದರೆ ಹಾಳಾಗಲಿ, ಈ ವಯಸ್ಸಿನಲ್ಲಿ ಅಜ್ಜಾರು ಉಪವಾಸವಿರಬೇಕೆ?

ಓಣಿಯ ಬಾಯಿಗೆ ಬಂದಾಗ ಅವನಿಗೆ ಧೈರ್ಯ ಬಂತು. ಮನೆಮನೆಯಲ್ಲೂ ಕುಣಿಮಗ್ಗ ಖಟಕ್ ಖಟಕ್ ಎನ್ನುತ್ತಿತ್ತು. ಮಗ್ಗ ಎಲ್ಲಿದೆಯೋ ಅಲ್ಲೊಂದು ಬಾಗಿಲು. ಇದರ ಮೇಲೆ ನಾಲ್ಕು ಜನರ ಮುಂದೆ ಎತ್ತು ಹೊಡೆದಂತೆ ಲೊಟಗುಟ್ಟುವುದೇಕೆ, ನಾಚಿಕೆಗೇಡು ಎಂದು ಬಾಯಿ ಮುಚ್ಚಿಕೊಂಡೇ ನಡೆದ. "ಭಿಕ್ಷಾ ತಾಯಿ" ಎಂದು ಮೊದಲ ಬಾಗಿಲಲ್ಲಿ ಕೂಗಿದ. ಅಷ್ಟೇ. ಓಣಿಗೆ ಓಣಿಯೇ ಸ್ತಬ್ಧವಾಯಿತು.

ಜೋಳಿಗೆಯ ಕೂಗು ಕೇಳಿದರೆ ಮಗ್ಗ ನಿಲ್ಲಿಸಿ, ಕೂಸಿನ ಬಾಯಿ ಮುಚ್ಚಿ, ಕೈಮುಗಿದು ಹೊಸ್ತಿಲಲ್ಲಿ ನಿಲ್ಲುವುದು ಅಲ್ಲಿಯವರ ವಾಡಿಕೆ. ಬಂದವನು ಕುರುಡನೆಂದು ಆ ದಿನ ಭಕ್ತಿ ಇನ್ನಷ್ಟು ಉಕ್ಕಿತ್ತು. ಉಸಿರು ಬಿಡುವುದಕ್ಕೂ ಹಿಂದೆಮುಂದೆ ನೋಡಿದರು. ನಮ್ಮ ಜನರ ಒಳ್ಳೆಯತನವೇ ಹಾಗೆ, ಯಾರ ಕಾಲಿಗೆ ತೊಡರುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಮರಿಕಲ್ಲಯ್ಯನವರೂ ಇದನ್ನು ಹೇಳಿರಲಿಲ್ಲ. ಕಣ್ಣಿದ್ದ ಅವರಿಗೆ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಈರಸಂಗಪ್ಪನಿಗೋ ಇದ್ದ ಮನೆಗಳೆಲ್ಲ ಒಮ್ಮೆಲೇ ಇಲ್ಲವಾದವು. ಎತ್ತ ತಿರುಗಿದೆನೆಂಬುದೂ ತಿಳಿಯದೆ ಮುಗ್ಗರಿಸಿ, ನೂಲಿಗೆ ಬಣ್ಣ ಹಾಕುವ ದೊಡ್ಡ ಮಣ್ಣಿನ ಹರವಿಗೆ ಬಡಿದು ಬಿದ್ದ. ಮೊದಲ ಮನೆಯವರು ಜೋಳಿಗೆಗೆ ಹಾಕಿದ್ದ ರೊಟ್ಟಿ ಮಣ್ಣುಪಾಲಾಯಿತು. ಅಯ್ಯೋ ಪಾಪ ಎಂದು ನೇಕಾರರು ಓಡಿಬಂದು ಎಬ್ಬಿಸಿದರು, ಜೋಳಿಗೆ ತುಂಬಿದರು, ಕೈಹಿಡಿದು ಮಠಕ್ಕೆ ಮುಟ್ಟಿಸಿದರು.

ಶಿವಯೋಗಿಗಳು ಆ ಅನ್ನವನ್ನು ಉಳಿದವರಿಗೆ ಬಡಿಸಲು ಹೇಳಿದರು. ತಾವು ಒಂದು ಗಿಂಡಿ ನೀರು ಕುಡಿದು ಕಂಬಳಿಯ ಮೇಲೆ ಒರಗಿದರು. ಈರಸಂಗಪ್ಪನೂ ಉಣ್ಣಲಿಲ್ಲ. ಅವರ ಕಾಲ ಬಳಿ ಕುಳಿತು, "ಓಣಿ ಸುಮ್ಮನಾತ್ರಿ ಅಜ್ಜಾರ, ನಾ ಏನ ಮಾಡ್ಲಿ?" ಎಂದು ಗೋಳಾಡಿದ.

"ಓಣಿ ಸುಮ್ಮನಾದ್ರ ಆಗಲಿ. ನೀ ಯಾಕ ಸುಮ್ಮನಾದಿ?"

ಮಾತು ನೇರವಾಗಿ ಎದೆಗೆ ನಾಟಿತು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವನು ತಾನೇ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮರುದಿನವೂ ಓಣಿ ಕೈಮುಗಿದು ನಿಂತಿತು, ಮಗ್ಗಗಳು ನಿಂತವು. ಈರಸಂಗಪ್ಪ ನಡುವೆ ನಿಂತು ನಾಲಿಗೆ ಹೊಡೆದ. ಟಕ್. ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು, ಯಾರೋ ಗದರಿಸಿದರು. ಅವನ ಕಿವಿ ಬಿಸಿಯಾಯಿತು, ಆದರೂ ನಿಲ್ಲಿಸಲಿಲ್ಲ. ಟಕ್: ಇಲ್ಲಿ ಗೋಡೆ. ಟಕ್: ಇಲ್ಲೂ ಗೋಡೆ. ಟಕ್: ಇಲ್ಲಿ ಸದ್ದು ಒಳಗೆ ಹೋಯಿತು, ತಿರುಗಿ ಬರಲಿಲ್ಲ. "ಭಿಕ್ಷಾ ತಾಯಿ" ಎಂದ. ಜೋಳಿಗೆಗೆ ರೊಟ್ಟಿ ಬಿತ್ತು. ಹರವಿಯ ಹತ್ತಿರ ಬಂದಾಗ ಸದ್ದು ಮೊಣಕಾಲ ಮಟ್ಟದಿಂದ ಗುಂಯ್ ಎಂದಿತು, ಸುತ್ತಿ ಹೋದ. ಹಳ್ಳಿಗಳಿಂದ ಅದೇ ಹೊತ್ತಿಗೆ ಮರಳಿದ್ದ ನಿಂಬೆವ್ವ ಓಣಿಯ ತುದಿಯಲ್ಲಿದ್ದಳಂತೆ. ಹಿಡಿಯಲು ಮುಂದಾದ ಕೈಯನ್ನು ಸೆರಗಿನಲ್ಲಿ ಬಿಗಿದುಕೊಂಡು ನಿಂತೆ ಎಂದು ಆಮೇಲೆ ಅವಳೇ ಹೇಳಿದಳು. ಕಡೆಯ ಮನೆ ಮುಗಿಸಿ ಅವನು ಒಬ್ಬನೇ ತಿರುಗಿದ.

ಮಠದ ಕಟ್ಟೆಯ ಮೇಲೆ ಗುರುಗಳು ಮಾತಿಲ್ಲದೆ ಕುಳಿತಿದ್ದರು. ಈರಸಂಗಪ್ಪ ಟಕ್ ಎಂದ. ಗೋಡೆಗಿಂತ ಮುಂದೆ ಏನೋ ಮೆತ್ತಗೆ ಸದ್ದನ್ನು ತಡೆಯಿತು. ಒಂದು ಹೆಜ್ಜೆ ಈಚೆಗೇ ನಿಂತು, ಜೋಳಿಗೆಯನ್ನು ಅವರ ಪಾದದ ಬಳಿ ಇಳಿಸಿ, ಬಂದ ದಿನ ಮಾಡದಿದ್ದ ನಮಸ್ಕಾರ ಮಾಡಿದ. "ನಿನ್ನೆಯಿಂದ ಹಸದೀರಿ, ಏಳ್ರಿ ಅಜ್ಜಾರ, ಉಣ್ರಿ" ಎಂದ.

ಶಿವಯೋಗಿಗಳು ಅವನ ತಲೆಯ ಮೇಲೆ ಕೈಯಿಟ್ಟು, "ಈಗರ ಹೇಳಪಾ, ಇನ್ನೂ ಕಣ್ಣ ಬೇಕೇನು?" ಎಂದು ಕೇಳಿದರು.

"ಬೇಕ್ರಿ ಅಜ್ಜಾರ. ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ? ಆದ್ರ ಅವು ಬರೂತನಕ ನಾ ಕುಂದ್ರೂದಿಲ್ಲ."

ಗುರುಗಳು ಬಹಳ ಹೊತ್ತು ನಕ್ಕರು. ಜೋಳಿಗೆ ಬಿಚ್ಚಿ ಮೊದಲ ತುತ್ತನ್ನು ಅವನ ಬಾಯಿಗಿಟ್ಟು, ಆ ದಿನ ತಾವೂ ಹೊಟ್ಟೆ ತುಂಬ ಉಂಡರು.